ಮೊದಲ ಆಸ್ಪತ್ರೆ ಕೆಲಸ ಹುಡುಕುವುದು ಹೇಗೆ? ಈಗಷ್ಟೇ ಓದು ಮುಗಿಸಿದ ನರ್ಸ್‌ಗಳಿಗೆ

ನರ್ಸ್‌ಗಳ ಕೊರತೆ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2023ರಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದರು. ಇನ್ನೂ 58 ಲಕ್ಷ ಮಂದಿ ಬೇಕಾಗಿತ್ತು. ಹಾಗಿದ್ದರೂ ಕೈಯಲ್ಲಿ ಸರ್ಟಿಫಿಕೇಟ್ ಹಿಡಿದು ಆಸ್ಪತ್ರೆಗೆ ಹೋದವರಿಗೆ ಮೊದಲು ಕೇಳಿಬರುವ ಮಾತು, "ಅನುಭವ ಎಷ್ಟು ವರ್ಷ?" ಕೆಲಸವನ್ನೇ ಕೊಡದೆ ಅನುಭವ ಎಲ್ಲಿಂದ ಬರಬೇಕು, ಅಲ್ವಾ?

ಇದರ ಹಿಂದಿನ ಕಾರಣ ಗೊತ್ತಿದ್ದರೆ ಹುಡುಕಾಟ ಸುಲಭವಾಗುತ್ತದೆ. ಹೊಸಬರು ವಾರ್ಡ್‌ಗೆ ಬಂದರೆ ಅವರಿಗೆ ಹೇಳಿಕೊಡೋಕೆ ಒಬ್ಬ ಸೀನಿಯರ್ ಬೇಕು. ಜನ ಕಡಿಮೆ ಇರುವ ವಾರ್ಡ್‌ನಲ್ಲಿ ಆ ಸೀನಿಯರ್‌ಗೆ ಬಿಡುವೇ ಇರುವುದಿಲ್ಲ. ಹಾಗಾಗಿ ನರ್ಸ್‌ಗಳು ತುಂಬ ಬೇಕಾಗಿರುವ ಕಡೆಯೇ ಹೊಸಬರನ್ನು ತಗೊಳ್ಳಲು ಹಿಂದೇಟು ಹಾಕುತ್ತಾರೆ. ಆಸ್ಪತ್ರೆಯವರ ತಲೆಯಲ್ಲಿ ಓಡುತ್ತಿರುವುದು ಒಂದೇ ಪ್ರಶ್ನೆ: ಈ ಹುಡುಗಿಯ ಅಥವಾ ಈ ಹುಡುಗನ ಕೈಗೆ ರೋಗಿಯನ್ನು ಕೊಟ್ಟರೆ ರೋಗಿ ಕ್ಷೇಮವಾಗಿರುತ್ತಾರಾ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಸಮಯಕ್ಕೆ ಸರಿಯಾಗಿ ಹೇಳುತ್ತಾರಾ? ಬಯೋಡೇಟಾದಿಂದ ಹಿಡಿದು ಇಂಟರ್‌ವ್ಯೂವರೆಗೆ ನೀವು ಉತ್ತರ ಕೊಡಬೇಕಾಗಿರುವುದು ಈ ಪ್ರಶ್ನೆಗೇ. ನೀವೂ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಬೇಕು: ಈ ಆಸ್ಪತ್ರೆ ನನಗೆ ಕಲಿಸುತ್ತದಾ, ಅಥವಾ ಖಾಲಿ ಜಾಗ ತುಂಬಿಸಿಕೊಳ್ಳುತ್ತದಾ?

ಮೊದಲ ಹೆಜ್ಜೆ: ಕಾಗದ, ಲಸಿಕೆ, ಸಿಪಿಆರ್

ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟ್ರೇಷನ್ ಇಲ್ಲದೆ ಯಾವ ಒಳ್ಳೆಯ ಆಸ್ಪತ್ರೆಯೂ ನಿಮ್ಮನ್ನು ನರ್ಸ್ ಆಗಿ ಸೇರಿಸಿಕೊಳ್ಳುವುದಿಲ್ಲ. ಕೆಲವು ದೇಶಗಳಲ್ಲಿ ಓದು ಮುಗಿದ ಮೇಲೆ ಲೈಸೆನ್ಸ್ ಪರೀಕ್ಷೆಯನ್ನೂ ಬರೆಯಬೇಕು. ಅರ್ಜಿ ಹಾಕಿದ ಮೇಲೆ ವಾರಗಟ್ಟಲೆ ಕಾಯಬೇಕಾಗಬಹುದು. ಅದಕ್ಕೇ ಕೊನೆಯ ಪರೀಕ್ಷೆ ಮುಗಿಯುವ ಮುಂಚೆಯೇ ಏನೇನು ಕಾಗದ ಬೇಕು ಅಂತ ಕೇಳಿ ತಿಳಿದುಕೊಳ್ಳಿ. ಎಲ್ಲ ದಾಖಲೆಗಳಲ್ಲಿ ಹೆಸರು, ಇನಿಷಿಯಲ್, ಹುಟ್ಟಿದ ತಾರೀಖು ಒಂದೇ ರೀತಿ ಇದೆಯಾ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಕೆಲಸ ನಿಂತುಬಿಡುತ್ತದೆ. ತಿದ್ದಿಸುವುದಿದ್ದರೆ ಈಗಲೇ ತಿದ್ದಿಸಿ.

ಮಾರ್ಕ್ಸ್ ಕಾರ್ಡ್, ಕೋರ್ಸ್ ಸರ್ಟಿಫಿಕೇಟ್, ರಿಜಿಸ್ಟ್ರೇಷನ್, ಗುರುತಿನ ಚೀಟಿ, ಫೋಟೊ, ಕ್ಲಿನಿಕಲ್ ಪೋಸ್ಟಿಂಗ್‌ನ ಲಾಗ್‌ಬುಕ್, ಇವೆಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಕಡೆ ಇಟ್ಟುಕೊಳ್ಳಿ. ಲಾಗ್‌ಬುಕ್ ಮಾತ್ರ ಕಾಲೇಜಿಗೆ ಕೊಟ್ಟುಬಿಡುವ ಮುಂಚೆ ಪುಟ ಪುಟವೂ ಕಾಪಿ ತೆಗೆದುಕೊಳ್ಳಿ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಹೊಸಬರು ಮರೆಯುವ ಒಂದು ವಿಷಯ ಹೆಪಟೈಟಿಸ್ ಬಿ ಲಸಿಕೆ. ಸಾಮಾನ್ಯವಾಗಿ ಕೊಡುವ ಮೂರು ಡೋಸ್‌ಗಳಲ್ಲಿ ಎರಡನೆಯದು ಮೊದಲನೆಯದಾದ ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಕೆಲಸ ಸಿಕ್ಕ ಮೇಲೆ ಶುರು ಮಾಡಿದರೆ ಮೊದಲ ಆರು ತಿಂಗಳು ಸೂಜಿ ಹಿಡಿಯುವ ಕೈಗೆ ಪೂರ್ತಿ ರಕ್ಷಣೆ ಇರುವುದಿಲ್ಲ. ಮೂರೂ ಡೋಸ್ ಆಗಿದ್ದರೆ ಕೊನೆಯ ಡೋಸ್ ಆದ ಒಂದೆರಡು ತಿಂಗಳಲ್ಲಿ ರಕ್ತದಲ್ಲಿ ಆಂಟಿಬಾಡಿ ಪರೀಕ್ಷೆ ಮಾಡಿಸಿ. 10 ಎಂಐಯು/ಎಂಎಲ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ ಅಂತ ಅರ್ಥ. ಆ ರಿಪೋರ್ಟ್ ಫೈಲ್‌ನಲ್ಲಿರಲಿ. ಸೇರುವಾಗ ಕೇಳುವ ಆಸ್ಪತ್ರೆಗಳು ಬಹಳ.

ಬಿಎಲ್‌ಎಸ್ ಕೋರ್ಸ್, ಅಂದರೆ ಸಿಪಿಆರ್ ಮಾಡಿ ಜೀವ ಉಳಿಸುವ ತರಬೇತಿ, ಅದನ್ನೂ ಈ ಸಮಯದಲ್ಲೇ ಮುಗಿಸಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಡುವ ಬಿಎಲ್‌ಎಸ್ ಕಾರ್ಡ್ ಎರಡು ವರ್ಷ ನಡೆಯುತ್ತದೆ. ಕಾರ್ಡ್ ಇದ್ದರೆ ಸಾಲದು, ಮುಖ್ಯ ಅಂಕಿಗಳು ನಾಲಿಗೆ ತುದಿಯಲ್ಲಿರಬೇಕು. ದೊಡ್ಡವರಿಗೆ ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, 30 ಸಲ ಎದೆ ಒತ್ತಿದರೆ 2 ಸಲ ಉಸಿರು. ಇಂಟರ್‌ವ್ಯೂನಲ್ಲಿ ಗೊಂಬೆ ಇಟ್ಟು ಮಾಡಿ ತೋರಿಸಿ ಅನ್ನುವವರೂ ಇದ್ದಾರೆ.

ಎರಡನೆಯ ಹೆಜ್ಜೆ: ಎಲ್ಲಿ ಹುಡುಕಬೇಕು?

ನೀವು ವಿದ್ಯಾರ್ಥಿಯಾಗಿ ಪೋಸ್ಟಿಂಗ್ ಮಾಡಿದ ಆಸ್ಪತ್ರೆಗಳಿಂದ ಶುರು ಮಾಡಿ. ಅಲ್ಲಿನ ವಾರ್ಡ್ ಇನ್‌ಚಾರ್ಜ್ ನಿಮ್ಮ ಕೆಲಸ ನೋಡಿದ್ದಾರೆ. ಸಮಯಕ್ಕೆ ಬರುತ್ತಿದ್ದಿರಾ, ರೋಗಿ ಕರೆದಾಗ ಹೋಗುತ್ತಿದ್ದಿರಾ ಅನ್ನುವುದು ಅವರಿಗೆ ಗೊತ್ತು. ನೀವು ಹೊಸಬರು ಅನ್ನುವ ಅನುಮಾನ ಅಲ್ಲಿ ಅರ್ಧ ಕಡಿಮೆಯಾಗಿರುತ್ತದೆ. ಇನ್ನೂ ಓದುತ್ತಿದ್ದರೆ ಕೊನೆಯ ವರ್ಷದ ಪೋಸ್ಟಿಂಗನ್ನೇ ಇಂಟರ್‌ವ್ಯೂ ಅಂದುಕೊಳ್ಳಿ. ಕೊನೆಯ ದಿನ ಇನ್‌ಚಾರ್ಜ್ ಹತ್ತಿರ ಹೋಗಿ, "ಸಿಸ್ಟರ್, ಓದು ಮುಗಿದ ಮೇಲೆ ಇಲ್ಲೇ ಕೆಲಸ ಮಾಡುವ ಆಸೆ ಇದೆ. ಜಾಗ ಖಾಲಿಯಾದರೆ ಯಾರನ್ನು ಕೇಳಬೇಕು?" ಅಂತ ನೇರವಾಗಿ ಕೇಳಿ. ಹೀಗೆ ಕೇಳೋಕೆ ನಾಚಿಕೆ ಬೇಡ.

ಆಮೇಲೆ, ಹೊಸಬರಿಗಾಗಿಯೇ ತರಬೇತಿ ಇರುವ ಆಸ್ಪತ್ರೆಗಳನ್ನು ಹುಡುಕಿ. ಟೀಚಿಂಗ್ ಆಸ್ಪತ್ರೆಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ನರ್ಸಿಂಗ್ ಎಜುಕೇಟರ್ ಅಂತ ಒಬ್ಬರು ಇರುತ್ತಾರೆ. ಸೇರಿದವರನ್ನು ಕೆಲವು ವಾರ ಕ್ಲಾಸ್ ಮತ್ತು ವಾರ್ಡ್ ಎರಡರಲ್ಲೂ ಪಳಗಿಸುತ್ತಾರೆ. ಸಂಬಳ ಸ್ವಲ್ಪ ಕಡಿಮೆ ಇದ್ದರೂ ನಾನು ಇಂಥ ಜಾಗವನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ. ಚಿಕ್ಕ ಆಸ್ಪತ್ರೆಗಳೂ ಕೆಟ್ಟವಲ್ಲ. ಅಲ್ಲಿ ಎಲ್ಲ ಬಗೆಯ ಕೆಲಸಕ್ಕೂ ಕೈ ಹಾಕುವ ಅವಕಾಶ ಸಿಗುತ್ತದೆ. ಆದರೆ ನೈಟ್ ಡ್ಯೂಟಿಯಲ್ಲಿ ಇಡೀ ಕಟ್ಟಡಕ್ಕೆ ನೀವೊಬ್ಬರೇ ನರ್ಸ್ ಅನ್ನುವ ಜಾಗವನ್ನು ಮೊದಲ ಕೆಲಸಕ್ಕೆ ಒಪ್ಪಿಕೊಳ್ಳಬೇಡಿ. ಯಾರನ್ನೂ ಕೇಳಲಾಗದ ಕಡೆ ಹೊಸಬರು ಇರಬಾರದು. ಒಬ್ಬರೇ ಮನೆಗೆ ಹೋಗಿ ರೋಗಿಯನ್ನು ನೋಡಿಕೊಳ್ಳುವ ಕೆಲಸಕ್ಕೂ ಇದೇ ಮಾತು.

ಯಾವ ವಾರ್ಡ್? ಹೊಸಬರಲ್ಲಿ ತುಂಬ ಜನಕ್ಕೆ ಐಸಿಯು ಮೇಲೆ ಕಣ್ಣು. ಸರಿಯಾದ ತರಬೇತಿ ಕೊಟ್ಟು, ಜೊತೆಗೆ ಸೀನಿಯರ್ ನಿಲ್ಲಿಸುವ ಐಸಿಯು ಆದರೆ ಧಾರಾಳವಾಗಿ ಹೋಗಿ. ಇಲ್ಲದಿದ್ದರೆ ಮೆಡಿಕಲ್ ಅಥವಾ ಸರ್ಜಿಕಲ್ ವಾರ್ಡ್‌ಗಿಂತ ಒಳ್ಳೆಯ ಶಾಲೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಶಿಫ್ಟ್‌ನಲ್ಲಿ ಸಕ್ಕರೆ ಕಾಯಿಲೆಯವರು, ಆಪರೇಷನ್ ಆದವರು, ಉಸಿರಾಟದ ತೊಂದರೆಯವರು ಎಲ್ಲರೂ ಸಿಗುತ್ತಾರೆ. ಯಾರನ್ನು ಮೊದಲು ನೋಡಬೇಕು ಅನ್ನುವ ಲೆಕ್ಕಾಚಾರ ಅಲ್ಲಿ ಬರುವಷ್ಟು ಚೆನ್ನಾಗಿ ಬೇರೆಲ್ಲೂ ಬರುವುದಿಲ್ಲ. "ನನಗೆ ಮಕ್ಕಳ ವಾರ್ಡೇ ಬೇಕು" ಅಂತ ಪಟ್ಟು ಹಿಡಿದು ಕಾಯುತ್ತ ಕೂರಬೇಡಿ. ಓದು ಮುಗಿದು ವರ್ಷಗಟ್ಟಲೆ ಖಾಲಿ ಇದ್ದರೆ ಕೈಯೂ ಒಗ್ಗುವುದಿಲ್ಲ, ಕೇಳುವವರ ಅನುಮಾನವೂ ಜಾಸ್ತಿಯಾಗುತ್ತದೆ.

ಮೂರನೆಯ ಹೆಜ್ಜೆ: ಬಯೋಡೇಟಾ

ಒಂದು ಪುಟ ಸಾಕು. ಹೆಸರು, ಫೋನ್, ರಿಜಿಸ್ಟ್ರೇಷನ್ ನಂಬರ್, ಓದು, ಕ್ಲಿನಿಕಲ್ ಪೋಸ್ಟಿಂಗ್, ಬಿಎಲ್‌ಎಸ್ ತರಹದ ಕೋರ್ಸ್‌ಗಳು, ಬರುವ ಭಾಷೆಗಳು. "ಕಷ್ಟಪಟ್ಟು ದುಡಿಯುವ, ಪ್ರಾಮಾಣಿಕ, ಸೇವಾ ಮನೋಭಾವದ" ಅನ್ನುವ ಸಾಲು ಎಲ್ಲರ ಬಯೋಡೇಟಾದಲ್ಲೂ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ತೆಗೆದುಹಾಕಿ, ಆ ಜಾಗವನ್ನು ಪೋಸ್ಟಿಂಗ್‌ಗೆ ಕೊಡಿ.

ಇಲ್ಲೇ ಲಾಗ್‌ಬುಕ್ ಉಪಯೋಗಕ್ಕೆ ಬರುವುದು. "ಸರ್ಜಿಕಲ್ ವಾರ್ಡ್ ಪೋಸ್ಟಿಂಗ್ ಮಾಡಿದ್ದೇನೆ" ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. "ಸರ್ಜಿಕಲ್ ವಾರ್ಡ್, 30 ಬೆಡ್, ಎಂಟು ವಾರ. ಆಪರೇಷನ್‌ಗೆ ಮುಂಚಿನ ತಯಾರಿ, ಆಪರೇಷನ್ ಆದ ರೋಗಿಗಳ ವೈಟಲ್ಸ್, ಡ್ರೈನ್ ಅಳತೆ, ಡ್ರೆಸ್ಸಿಂಗ್" ಅಂತ ಬರೆದು ನೋಡಿ. ಈಗ ಅವರ ಕಣ್ಣಿಗೆ ನೀವು ವಾರ್ಡ್‌ನಲ್ಲಿ ನಿಂತಿರುವುದು ಕಾಣುತ್ತದೆ.

ಕೈಕೆಲಸಗಳನ್ನು ಮೂರು ಗುಂಪು ಮಾಡಿ ಬರೆಯಿರಿ: ನಾನೇ ಮಾಡಬಲ್ಲವು, ಸೀನಿಯರ್ ಜೊತೆಗಿದ್ದರೆ ಮಾಡಬಲ್ಲವು, ಬರೀ ನೋಡಿದವು. ಐವಿ ಕ್ಯಾನುಲಾ ಎರಡನೆಯ ಗುಂಪಿನಲ್ಲಿದ್ದರೆ ಎರಡನೆಯದರಲ್ಲೇ ಇರಲಿ. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ) ಹಾಕುವುದನ್ನು ಬರೀ ನೋಡಿದ್ದರೆ ಹಾಗಂತಲೇ ಬರೆಯಿರಿ. ಇದರಿಂದ ನಿಮ್ಮ ಬೆಲೆ ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ಬೇಡ. ಎಲ್ಲವೂ ಬರುತ್ತದೆ ಅಂತ ಬರೆದಿರುವ ಹೊಸಬರನ್ನು ಕಂಡರೆ ಅನುಭವಸ್ಥರಿಗೆ ಭಯವಾಗುತ್ತದೆ. ತನ್ನ ಮಿತಿ ಗೊತ್ತಿರುವವರನ್ನು ಕಂಡರೆ ಧೈರ್ಯ ಬರುತ್ತದೆ.

ರೆಫರೆನ್ಸ್‌ಗೆ ಕಾಲೇಜಿನ ಒಬ್ಬ ಟೀಚರ್, ಪೋಸ್ಟಿಂಗ್ ಮಾಡಿದ ಒಬ್ಬ ವಾರ್ಡ್ ಇನ್‌ಚಾರ್ಜ್ ಹೆಸರು ಕೊಡಿ. ಅವರನ್ನು ಮೊದಲೇ ಕೇಳಿರಬೇಕು. ಇದ್ದಕ್ಕಿದ್ದಂತೆ ಫೋನ್ ಬಂದು "ಯಾರು ಇವರು?" ಅಂತ ಅವರೇ ಕೇಳುವ ಹಾಗಾಗಬಾರದು.

ನಾಲ್ಕನೆಯ ಹೆಜ್ಜೆ: ಅರ್ಜಿ ಹಾಕುವುದು

ಆಸ್ಪತ್ರೆಯ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಆಫೀಸಿಗೆ ಹೋಗಿ, ಅವರು ಯಾವ ಹೊತ್ತಿಗೆ ಸಿಗುತ್ತಾರೆ ಅಂತ ಕೇಳಿ, ಒಂದು ಕಾಪಿ ಕೈಯಲ್ಲೇ ಕೊಟ್ಟು ಬನ್ನಿ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ, ಡಾಕ್ಟರ್ ರೌಂಡ್ಸ್ ನಡೆಯುವಾಗ ಹೋಗಬೇಡಿ. ವಾರ, ಹತ್ತು ದಿನ ಕಳೆದ ಮೇಲೆ ಒಂದು ಸಲ ಫೋನ್ ಮಾಡಿ ವಿಚಾರಿಸಿ. ಯಾವ ಆಸ್ಪತ್ರೆಗೆ ಯಾವತ್ತು ಅರ್ಜಿ ಹಾಕಿದಿರಿ, ಯಾರ ಹತ್ತಿರ ಮಾತಾಡಿದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. "ಎರಡು ವರ್ಷ ಅನುಭವ ಬೇಕು" ಅಂತ ಜಾಹೀರಾತಿನಲ್ಲಿದ್ದರೂ ವಾರ್ಡ್ ಕೆಲಸವಾದರೆ ಅರ್ಜಿ ಹಾಕಿ ನೋಡಿ. ಅನುಭವದವರು ಸಿಗದೆ ಹೊಸಬರನ್ನು ಕರೆಯುವುದು ಎಷ್ಟೋ ಸಲ ಆಗುತ್ತದೆ.

ಐದನೆಯ ಹೆಜ್ಜೆ: ಬರವಣಿಗೆ ಪರೀಕ್ಷೆ

ತುಂಬ ಕಡೆ ಇಂಟರ್‌ವ್ಯೂಗೆ ಮುಂಚೆ ಒಂದು ಚಿಕ್ಕ ಪರೀಕ್ಷೆ ಇರುತ್ತದೆ. ಇದರಲ್ಲಿ ಜನ ಬೀಳುವುದು ಔಷಧದ ಲೆಕ್ಕದಲ್ಲಿ. ದಿನಕ್ಕೆ ಐದಾರು ಲೆಕ್ಕ ಮಾಡಿದರೆ ಈ ಭಯ ಹೋಗುತ್ತದೆ. ಈ ಮೂರು ಬಗೆ ಬಂದರೆ ಮುಕ್ಕಾಲು ಪಾಲು ಬಂದ ಹಾಗೆ.

ಡ್ರಿಪ್ ಲೆಕ್ಕ ಮೊದಲು. 500 ಎಂಎಲ್ ಫ್ಲೂಯಿಡ್ 4 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ 1 ಎಂಎಲ್‌ಗೆ 20 ಹನಿ. 500 ಗುಣಿಸು 20 ಅಂದರೆ 10,000 ಹನಿ. 4 ಗಂಟೆ ಅಂದರೆ 240 ನಿಮಿಷ. ಭಾಗಿಸಿದರೆ 41.67, ಅಂದರೆ ನಿಮಿಷಕ್ಕೆ 42 ಹನಿ. ಮೈಕ್ರೊ ಡ್ರಿಪ್ ಸೆಟ್‌ನಲ್ಲಿ 1 ಎಂಎಲ್‌ಗೆ 60 ಹನಿ ಇರುವುದರಿಂದ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಲೆಕ್ಕವೇ ಬೇಡ.

ಇನ್ನು ತೂಕದ ಲೆಕ್ಕ. 12 ಕೆಜಿ ಮಗುವಿಗೆ ಕೆಜಿಗೆ 15 ಎಂಜಿ ಪ್ಯಾರಾಸಿಟಮಾಲ್ ಅಂದರೆ 180 ಎಂಜಿ. ಸಿರಪ್ 5 ಎಂಎಲ್‌ನಲ್ಲಿ 120 ಎಂಜಿ ಇದ್ದರೆ ಕೊಡಬೇಕಾದದ್ದು 7.5 ಎಂಎಲ್. ಇಲ್ಲಿ ಬಾಟಲಿ ಮೇಲಿನ ಬರಹ ಓದುವುದೇ ಮುಖ್ಯ. ಅದೇ ಸಿರಪ್ 5 ಎಂಎಲ್‌ಗೆ 250 ಎಂಜಿ ಇರುವುದೂ ಸಿಗುತ್ತದೆ. ಆಗ ಉತ್ತರ 3.6 ಎಂಎಲ್. ಬಾಟಲಿ ನೋಡದೆ 7.5 ಎಂಎಲ್ ಕೊಟ್ಟರೆ ಮಗುವಿಗೆ ಎರಡರಷ್ಟು ಔಷಧ ಹೋಗಿಬಿಡುತ್ತದೆ.

ಮೂರನೆಯದು ಇನ್ಸುಲಿನ್, ಹೆಪಾರಿನ್ ತರಹ ಯೂನಿಟ್‌ನಲ್ಲಿ ಕೊಡುವವು. ಸಾಮಾನ್ಯವಾಗಿ ಬಳಸುವ ಒಂದು ಬಗೆಯ ಇನ್ಸುಲಿನ್‌ನಲ್ಲಿ 1 ಎಂಎಲ್‌ಗೆ 100 ಯೂನಿಟ್. ಅದಕ್ಕೆ ಹೊಂದುವ ಇನ್ಸುಲಿನ್ ಸಿರಿಂಜೇ ಬಳಸಬೇಕು. ಉತ್ತರ ಬರೆಯುವಾಗ ಯೂನಿಟ್ ಅನ್ನುವ ಪದವನ್ನು ಪೂರ್ತಿ ಬರೆಯಿರಿ. ಇಂಗ್ಲಿಷ್‌ನ U ಅಂತ ಒಂದೇ ಅಕ್ಷರ ಬರೆದರೆ ಅವಸರದಲ್ಲಿ ಓದುವವರಿಗೆ ಸೊನ್ನೆಯ ಹಾಗೆ ಕಾಣಬಹುದು. ಅರ್ಧ ಎಂಜಿಯನ್ನು 0.5 ಅಂತ ಬರೆಯಿರಿ, ಚುಕ್ಕಿಗೆ ಮುಂಚಿನ ಸೊನ್ನೆ ಬಿಡಬೇಡಿ. 5 ಎಂಜಿಯನ್ನು 5.0 ಅಂತ ಬರೆಯಬೇಡಿ, ಚುಕ್ಕಿ ಕಾಣದಿದ್ದರೆ ಅದು 50 ಆಗುತ್ತದೆ. ಪೇಪರ್ ತಿದ್ದುವವರು ಇಂಥ ಸಣ್ಣ ಅಭ್ಯಾಸಗಳನ್ನೂ ಗಮನಿಸುತ್ತಾರೆ.

ಉಳಿದದ್ದು ನೀವು ಓದಿದ್ದೇ. ದೊಡ್ಡವರ ಉಸಿರಾಟ ನಿಮಿಷಕ್ಕೆ 12ರಿಂದ 20, ರಕ್ತದ ಪೊಟ್ಯಾಸಿಯಂ ಸುಮಾರು 3.5ರಿಂದ 5, ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕಡಿಮೆ. ರೋಗಿಗೆ ಎಷ್ಟು ಎಚ್ಚರವಿದೆ ಅಂತ ಅಳೆಯುವ ಗ್ಲಾಸ್ಗೊ ಕೋಮಾ ಸ್ಕೇಲ್‌ನಲ್ಲಿ ಅತಿ ಕಡಿಮೆ ಅಂಕ 3, ಅತಿ ಹೆಚ್ಚು 15. ಸಾಂದ್ರವಾದ ಪೊಟ್ಯಾಸಿಯಂ ಕ್ಲೋರೈಡನ್ನು ಯಾವತ್ತೂ ನೇರವಾಗಿ ರಕ್ತನಾಳಕ್ಕೆ ಚುಚ್ಚಬಾರದು, ಹೃದಯ ನಿಂತುಹೋಗುತ್ತದೆ. ಕೈ ತೊಳೆಯಬೇಕಾದ ಐದು ಸಂದರ್ಭಗಳು, ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವಂತೆ: ರೋಗಿಯನ್ನು ಮುಟ್ಟುವ ಮುಂಚೆ, ಸ್ವಚ್ಛವಾಗಿ ಮಾಡಬೇಕಾದ ಕೆಲಸದ ಮುಂಚೆ, ರಕ್ತ ಮತ್ತಿತರ ದ್ರವ ತಾಗಿರಬಹುದಾದಾಗ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಕೊನೆಯದನ್ನು ಮರೆಯಬೇಡಿ.

ಆರನೆಯ ಹೆಜ್ಜೆ: ಇಂಟರ್‌ವ್ಯೂ

"ನಿಮ್ಮ ಬಗ್ಗೆ ಹೇಳಿ" ಅಂದಾಗ ಊರು, ಮನೆಯವರು ಅಂತ ಶುರು ಮಾಡಬೇಡಿ. ಓದು, ಇಷ್ಟವಾದ ಪೋಸ್ಟಿಂಗ್, ಅಲ್ಲಿ ಕಲಿತ ಒಂದು ವಿಷಯ, ಈ ಆಸ್ಪತ್ರೆಗೆ ಯಾಕೆ ಬಂದಿರಿ. ಒಂದೂವರೆ ನಿಮಿಷದಲ್ಲಿ ಮುಗಿಸಿ.

ನಿಜವಾದ ಇಂಟರ್‌ವ್ಯೂ ಶುರುವಾಗುವುದು "ಹೀಗಾದರೆ ಏನು ಮಾಡುತ್ತೀರಿ?" ಅನ್ನುವಲ್ಲಿ. ಉದಾಹರಣೆಗೆ: ರಕ್ತ ಹಾಕಲು ಶುರು ಮಾಡಿ ಹತ್ತು ನಿಮಿಷವಾಗಿದೆ. ರೋಗಿ ನಡುಗುತ್ತಿದ್ದಾರೆ, ಜ್ವರ ಬಂದಿದೆ, ಬೆನ್ನು ನೋವು ಅನ್ನುತ್ತಿದ್ದಾರೆ. "ಡಾಕ್ಟರ್‌ಗೆ ಹೇಳುತ್ತೇನೆ" ಅಂತ ಉತ್ತರ ಶುರು ಮಾಡುವವರೇ ಜಾಸ್ತಿ. ಹೇಳಲೇಬೇಕು, ಆದರೆ ಮೊದಲು ರಕ್ತ ನಿಲ್ಲಿಸಬೇಕು. ಆಮೇಲೆ ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸಿಕೊಳ್ಳಬೇಕು. ರೋಗಿಯ ಹತ್ತಿರವೇ ಇದ್ದು ಸಹಾಯಕ್ಕೆ ಕರೆಯಬೇಕು, ವೈಟಲ್ಸ್ ನೋಡಬೇಕು, ಡಾಕ್ಟರ್‌ಗೆ ತಿಳಿಸಬೇಕು. ರೋಗಿಯ ಹೆಸರು, ನಂಬರ್, ಬ್ಯಾಗ್ ಮೇಲಿನ ವಿವರ ಮತ್ತೆ ಹೋಲಿಸಬೇಕು. ಬ್ಯಾಗನ್ನು ಎಸೆಯದೆ ಬ್ಲಡ್ ಬ್ಯಾಂಕಿಗೆ ಕಳಿಸಬೇಕು. ಎಲ್ಲವನ್ನೂ ಬರೆದಿಡಬೇಕು. ಈ ಕ್ರಮದಲ್ಲಿ ಹೇಳಿದರೆ ಕೇಳುವವರಿಗೆ ಗೊತ್ತಾಗುವುದು ಒಂದೇ: ಇವರು ಮೊದಲು ರೋಗಿಯನ್ನು ನೋಡುತ್ತಾರೆ.

ಎಲ್ಲ ಪ್ರಶ್ನೆಗಳಿಗೂ ಇದೇ ಹಾದಿ ಹಿಡಿಯಬಹುದು. ಮೊದಲು ರೋಗಿಗೆ ಆಗುತ್ತಿರುವ ತೊಂದರೆ ನಿಲ್ಲಿಸಿ, ಪರೀಕ್ಷಿಸಿ, ಸಹಾಯ ಕರೆಯಿರಿ, ತಿಳಿಸಿ, ಬರೆಯಿರಿ.

ಡಾಕ್ಟರ್‌ಗೆ ಫೋನ್‌ನಲ್ಲಿ ಹೇಗೆ ಹೇಳುತ್ತೀರಿ ಅಂತಲೂ ಕೇಳುತ್ತಾರೆ. ಇದಕ್ಕೆ ಎಸ್‌ಬಾರ್ (SBAR) ಅನ್ನುವ ಕ್ರಮವಿದೆ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಬಳಸುತ್ತಿದ್ದ ಈ ಪದ್ಧತಿಯನ್ನು ಅಲ್ಲಿನ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸಂಸ್ಥೆ ಆಸ್ಪತ್ರೆಗೆ ತಂದಿತು. ಇದರಲ್ಲಿ ನಾಲ್ಕು ಭಾಗ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಹೀಗೆ ಹೇಳಿ ಅಭ್ಯಾಸ ಮಾಡಿ:

"ಡಾಕ್ಟರ್, ನಾನು ಸರ್ಜಿಕಲ್ ವಾರ್ಡ್‌ನಿಂದ ಸ್ಟಾಫ್ ನರ್ಸ್ ಮಾತಾಡ್ತಿದ್ದೇನೆ. ಎಂಟನೇ ಬೆಡ್ ರೋಗಿಯ ಬಿಪಿ 88/50, ಪಲ್ಸ್ 124. ಬೆಳಗ್ಗೆ ಹೊಟ್ಟೆಯ ಆಪರೇಷನ್ ಆಗಿದೆ, ಎರಡು ಗಂಟೆ ಹಿಂದೆ ಬಿಪಿ 120/80 ಇತ್ತು. ಕಳೆದ ಒಂದು ಗಂಟೆಯಲ್ಲಿ ಡ್ರೈನ್‌ನಲ್ಲಿ 300 ಎಂಎಲ್ ರಕ್ತ ಬಂದಿದೆ. ಒಳಗೆ ರಕ್ತಸ್ರಾವ ಆಗ್ತಿದೆ ಅನ್ನಿಸ್ತಿದೆ. ದಯವಿಟ್ಟು ಈಗಲೇ ಬಂದು ನೋಡಿ. ಅಷ್ಟರೊಳಗೆ ಫ್ಲೂಯಿಡ್ ಜಾಸ್ತಿ ಮಾಡ್ಲಾ? ಕ್ರಾಸ್‌ಮ್ಯಾಚ್‌ಗೆ ಸ್ಯಾಂಪಲ್ ಕಳಿಸ್ಲಾ?"

ಡಾಕ್ಟರ್ ಹೇಳಿದ್ದನ್ನು ಬರೆದುಕೊಂಡು, ತಿರುಗಿ ಓದಿ ಹೇಳಿ, ಸರಿ ಅನ್ನಿಸಿಕೊಳ್ಳಬೇಕು. ಇದನ್ನೂ ಇಂಟರ್‌ವ್ಯೂನಲ್ಲಿ ಹೇಳಿ. ಸ್ನೇಹಿತರನ್ನು ಎದುರಿಗೆ ಕೂರಿಸಿಕೊಂಡು ಬಾಯಿಬಿಟ್ಟು ಅಭ್ಯಾಸ ಮಾಡಿದರಷ್ಟೇ ಇದು ಬರುತ್ತದೆ. ಮನಸ್ಸಿನಲ್ಲೇ ಓದಿಕೊಂಡರೆ ಅಲ್ಲಿ ಮಾತು ತಡವರಿಸುತ್ತದೆ.

ಇನ್ನೆರಡು ಪ್ರಶ್ನೆಗಳಿಗೆ ತಯಾರಾಗಿರಿ. "ಡಾಕ್ಟರ್ ಬರೆದ ಡೋಸ್ ತುಂಬ ಜಾಸ್ತಿ ಅನ್ನಿಸಿದರೆ?" ಕೊಡುವುದನ್ನು ತಡೆದು, ಡಾಕ್ಟರನ್ನೇ ಕೇಳಬೇಕು. ಆಮೇಲೂ ಅನುಮಾನ ಇದ್ದರೆ ಇನ್‌ಚಾರ್ಜ್‌ಗೆ, ಫಾರ್ಮಸಿಸ್ಟ್‌ಗೆ ಹೇಳಬೇಕು. ಅನುಮಾನ ಇಟ್ಟುಕೊಂಡು ಕೊಡುವಂತಿಲ್ಲ. "ನಿಮ್ಮಿಂದಲೇ ತಪ್ಪು ಔಷಧ ಹೋದರೆ?" ತಕ್ಷಣ ರೋಗಿಯನ್ನು ನೋಡಿ, ಡಾಕ್ಟರ್‌ಗೂ ಇನ್‌ಚಾರ್ಜ್‌ಗೂ ತಿಳಿಸಿ, ಇನ್ಸಿಡೆಂಟ್ ರಿಪೋರ್ಟ್ ಬರೆಯುತ್ತೇನೆ ಅನ್ನಬೇಕು. "ನನ್ನಿಂದ ಅಂಥ ತಪ್ಪು ಆಗುವುದೇ ಇಲ್ಲ" ಅನ್ನುವುದು ಕೆಟ್ಟ ಉತ್ತರ. ತಪ್ಪನ್ನು ಮುಚ್ಚಿಟ್ಟರೆ ರೋಗಿಗೆ ಚಿಕಿತ್ಸೆ ತಡವಾಗುತ್ತದೆ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದೇ ಬರುತ್ತದೆ. ಊಹಿಸಿ ಹೇಳಬೇಡಿ. "ಇದು ನನಗೆ ಸರಿಯಾಗಿ ಗೊತ್ತಿಲ್ಲ ಮೇಡಂ. ವಾರ್ಡ್‌ನಲ್ಲಿ ಆಗಿದ್ದರೆ ಪ್ರೋಟೋಕಾಲ್ ನೋಡಿ, ಸೀನಿಯರ್ ಸಿಸ್ಟರನ್ನು ಕೇಳಿದ ಮೇಲೆಯೇ ಮಾಡುತ್ತೇನೆ." ಹೀಗೆ ಧೈರ್ಯವಾಗಿ ಹೇಳಿ. ಇಂಟರ್‌ವ್ಯೂ ಮಾಡುವವರು ಹೊಸಬರಿಂದ ಕೇಳಬೇಕು ಅಂತ ಕಾಯುವುದೇ ಈ ಮಾತಿಗಾಗಿ.

ಏಳನೆಯ ಹೆಜ್ಜೆ: ನೀವೂ ಕೇಳಿ

"ನಿಮ್ಮದೇನಾದರೂ ಪ್ರಶ್ನೆ ಇದೆಯಾ?" ಅಂದಾಗ ಇಲ್ಲ ಅಂತ ಎದ್ದು ಬರಬೇಡಿ. ಓರಿಯಂಟೇಷನ್ ಎಷ್ಟು ವಾರ? ಆಗ ನನಗೆ ಬೇರೆಯಾಗಿ ರೋಗಿಗಳನ್ನು ಕೊಡುತ್ತೀರಾ ಅಥವಾ ಸೀನಿಯರ್ ಜೊತೆ ಹಾಕುತ್ತೀರಾ? ಹಗಲು ಎಷ್ಟು ರೋಗಿಗಳಿಗೆ ಒಬ್ಬ ನರ್ಸ್, ರಾತ್ರಿ ಎಷ್ಟು? ನೈಟ್ ಡ್ಯೂಟಿ ಯಾವಾಗ ಶುರುವಾಗುತ್ತದೆ? ಬೇರೆ ವಾರ್ಡ್‌ಗೆ ಕಳಿಸುವುದಿದ್ದರೆ ಎಷ್ಟು ಸಮಯದ ಮೇಲೆ?

ಇದರಲ್ಲಿ ರೋಗಿಗಳ ಸಂಖ್ಯೆಯ ಪ್ರಶ್ನೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. 2002ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಅವರ ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಲೆಕ್ಕ ಪ್ರಕಟಿಸಿದರು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಜಾಸ್ತಿಯಾದರೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆ ಅಂತ ಅದರಲ್ಲಿ ಕಂಡುಬಂತು. ನರ್ಸ್ ಬಳಲಿ ಬೇಸತ್ತುಹೋಗುವ ಸಂಭವ ಶೇಕಡಾ 23ರಷ್ಟು ಏರುತ್ತಿತ್ತು. ಹಾಗಾಗಿ ಈ ಪ್ರಶ್ನೆ ಕೇಳುವವರನ್ನು ಸೋಮಾರಿ ಅನ್ನುವಂತಿಲ್ಲ. ಉತ್ತರ ಕೊಡಲು ಮುಖ ತಿರುಗಿಸುವ ಆಸ್ಪತ್ರೆ ಇದ್ದರೆ, ಅದೇ ಉತ್ತರ ಅಂದುಕೊಳ್ಳಿ. ಸಾಧ್ಯವಾದರೆ ವಾರ್ಡ್ ಒಂದು ಸಲ ನೋಡಬಹುದಾ ಅಂತ ಕೇಳಿ. ಅಲ್ಲಿನ ಹೊಸಬರೊಬ್ಬರನ್ನು ಪಕ್ಕಕ್ಕೆ ಕರೆದು, "ಗೊತ್ತಾಗದಿದ್ದರೆ ಯಾರನ್ನು ಕೇಳ್ತೀರಾ?" ಅಂತ ವಿಚಾರಿಸಿ. ಥಟ್ಟನೆ ಒಂದು ಹೆಸರು ಹೇಳಿದರೆ ಅದು ಒಳ್ಳೆಯ ಜಾಗ.

ಎಂಟನೆಯ ಹೆಜ್ಜೆ: ಸಹಿ ಹಾಕುವ ಮುಂಚೆ

ಅಪಾಯಿಂಟ್‌ಮೆಂಟ್ ಲೆಟರ್ ಬರವಣಿಗೆಯಲ್ಲೇ ಇರಬೇಕು. ಹುದ್ದೆಯ ಹೆಸರು ಸ್ಟಾಫ್ ನರ್ಸ್ ಅಂತಿದೆಯಾ, ಟ್ರೈನಿ ಅಂತಿದೆಯಾ? ಟ್ರೈನಿ ಆಗಿದ್ದರೆ ಎಷ್ಟು ತಿಂಗಳು, ಆ ಅವಧಿ ಅನುಭವದ ಲೆಕ್ಕಕ್ಕೆ ಸೇರುತ್ತದಾ? ಸಂಬಳ, ಕಡಿತ, ವಾರದ ಗಂಟೆಗಳು, ರಜೆ, ನೋಟಿಸ್ ಅವಧಿ, ಎಲ್ಲವನ್ನೂ ಓದಿ. ಮನೆಗೆ ತಂದು ಓದುತ್ತೇನೆ ಅಂದರೆ ಬೇಡ ಅನ್ನುವವರ ಹತ್ತಿರ ಸಹಿ ಹಾಕಬೇಡಿ.

ಬಾಂಡ್ ಇದ್ದರೆ ಎಷ್ಟು ಕಾಲ, ಮಧ್ಯೆ ಬಿಟ್ಟರೆ ಎಷ್ಟು ಹಣ ಅನ್ನುವುದು ಸ್ಪಷ್ಟವಾಗಿರಲಿ. ಕೊಟ್ಟ ತರಬೇತಿಗೆ ತಕ್ಕ ಅವಧಿ ಆದರೆ ಯೋಚಿಸಬಹುದು. ತರಬೇತಿಯೇ ಇಲ್ಲದ ಕಡೆ ಬಾಂಡ್ ಯಾಕೆ? ಒರಿಜಿನಲ್ ಸರ್ಟಿಫಿಕೇಟ್‌ಗಳನ್ನು ತೋರಿಸಿ ವಾಪಸ್ ತಗೊಳ್ಳಿ, ಕೊಡುವುದು ಕಾಪಿ ಮಾತ್ರ. ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಅಂದರೆ ನಾನಾದರೆ ಆ ಕೆಲಸ ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ನಿಮ್ಮ ಮುಂದಿನ ದಾರಿಯೆಲ್ಲ ಆ ಕಾಗದಗಳಲ್ಲಿದೆ.

ಕೆಲಸ ಕೊಡಿಸುತ್ತೇವೆ ಅಂತ ಹಣ ಕೇಳುವವರಿಂದ ದೂರ ಇರಿ. ಇಂಟರ್‌ವ್ಯೂ ಫೀಸು, ಡೆಪಾಸಿಟ್, ಯೂನಿಫಾರ್ಮ್ ಅಡ್ವಾನ್ಸ್, ಹೆಸರು ಏನೇ ಇರಲಿ. ಇಂಟರ್‌ವ್ಯೂ ಇಲ್ಲದೆ ಆಫರ್ ಲೆಟರ್ ಬಂದರೆ, ಅದರಲ್ಲಿರುವ ನಂಬರ್‌ಗೆ ಫೋನ್ ಮಾಡದೆ, ಆಸ್ಪತ್ರೆಯ ಮುಖ್ಯ ನಂಬರನ್ನು ನೀವೇ ಹುಡುಕಿ ಕೇಳಿ.

ಸೇರಿದ ಮೇಲೆ

ಮೊದಲ ಕೆಲವು ತಿಂಗಳು ಕಷ್ಟವೇ. ಓದಿದ್ದಕ್ಕೂ ವಾರ್ಡ್‌ನಲ್ಲಿ ನಡೆಯುವುದಕ್ಕೂ ಇರುವ ಅಂತರ ನೋಡಿ ಹೊಸಬರು ಕಂಗಾಲಾಗುವುದನ್ನು ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲೇ "ರಿಯಾಲಿಟಿ ಶಾಕ್" ಅಂತ ಕರೆದರು. ಡ್ಯೂಟಿ ಮುಗಿಸಿ ಬಂದು ಅಳು ಬಂದರೆ ನೀವು ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಅರ್ಥ ಅಲ್ಲ. ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಹ್ಯಾಂಡೋವರ್‌ನಲ್ಲಿ ಕೇಳಿದ್ದು, ಯಾವ ಬೆಡ್‌ಗೆ ಯಾವ ಹೊತ್ತಿಗೆ ಏನು ಮಾಡಬೇಕು ಅನ್ನುವುದನ್ನು ಬರೆದುಕೊಳ್ಳಿ. ಹೊಸದಾಗಿ ಕಲಿತ ಕೆಲಸಕ್ಕೆ ತಾರೀಖು ಹಾಕಿ ಸೀನಿಯರ್ ಸಹಿ ತಗೊಳ್ಳಿ. ಸೂಜಿ ಚುಚ್ಚಿಕೊಂಡರೆ ಸುಮ್ನೆ ಇರಬೇಡಿ. ಹಿಂಡದೆ ಸೋಪು ನೀರಿನಲ್ಲಿ ತೊಳೆದು ಕೂಡಲೇ ತಿಳಿಸಿ. ಎಚ್‌ಐವಿ ತಡೆಯುವ ಔಷಧ ಬೇಕಾದರೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು.

ಕಷ್ಟ ಇದೆ ಅಂತ ಮೊದಲ ತಿಂಗಳಲ್ಲೇ ಕೆಲಸ ಬಿಡಬೇಡಿ. ಆದರೆ ಕೇಳಿದರೂ ಕಲಿಸದೆ, ಬಾರದ ಕೆಲಸವನ್ನು ಒಬ್ಬರ ಮೇಲೇ ಹೊರಿಸಿ, ಮಾಡದ್ದನ್ನು ಮಾಡಿದೆ ಅಂತ ಚಾರ್ಟ್‌ನಲ್ಲಿ ಬರೆಯಲು ಹೇಳುವ ಜಾಗವಾದರೆ ಬೇರೆ ಕಡೆ ಹುಡುಕಲು ಶುರು ಮಾಡಿ. ಬಿಡುವಾಗ ನೋಟಿಸ್ ಅವಧಿ ಪೂರ್ತಿ ಮಾಡಿ. ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್‌ನಲ್ಲಿ ಯಾವ ವಾರ್ಡ್, ಎಷ್ಟು ಬೆಡ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅನ್ನುವುದು ಸರಿಯಾಗಿದೆಯಾ ಅಂತ ಅಲ್ಲೇ ಓದಿ ನೋಡಿ, ಆಮೇಲೆ ತಗೊಂಡು ಬನ್ನಿ.